ಅಕ್ಕ ಕಟ್ಟುವ ದಿಲ್ಲಿ

ದಿಲ್ಲಿಯ ಮುಂದಿನ ಐವತ್ತು ವರ್ಷದ ಭಾರವೆಲ್ಲ ಈಗ ನನ್ನ ಅಕ್ಕನ ತಲೆಯ ಮೇಲಿದೆ. ಸರ್ಕಾರಕ್ಕೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೆ.

ಊರು ಕಟ್ಟುವ ಯೋಜನೆ ಹಾಕುವ ಕಚೇರಿಯೊಂದರಲ್ಲಿ ಅಕ್ಕ ಗುಮಾಸ್ತೆಯಾಗಿದ್ದಳು. ಬಿಸಿಲು ಏರಿದರೆ ಏನು ಮಾಡಬೇಕು, ಮಳೆ ಸುರಿದರೆ ನೀರು ಎಲ್ಲಿಗೆ ಹೋಗಬೇಕು ಎಂದು ದೊಡ್ಡವರು ಬರೆದದ್ದನ್ನು ಟೈಪ್ ಮಾಡುತ್ತಿದ್ದಳು. ಬರೆದವರು ನಿವೃತ್ತರಾಗಿ ಎಲ್ಲ ಮರೆತರು. ಟೈಪ್ ಮಾಡಿದವಳಿಗೆ ಬಾಯಿಪಾಠ ಉಳಿಯಿತು. ನಾನೋ, ಆರನೇ ಕ್ಲಾಸಿಗೆ ಪುಸ್ತಕ ಮಡಚಿದವನು. ಮಯೂರ್ ವಿಹಾರದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತೇನೆ. ಸಂಸಾರ ಸಮೇತ ಇರುವುದು ಅಕ್ಕನ ಫ್ಲಾಟಿನಲ್ಲೇ.

ಬೆಳಿಗ್ಗೆ ಎದ್ದರೆ ಅವಳು ಒಂದು ಬಕೆಟ್ ನೀರನ್ನು ರಸ್ತೆಗೆ ಸುರಿದು ಅದರ ಹಿಂದೆಯೇ ನಡೆಯುತ್ತಾಳೆ. ತರಕಾರಿಯವನು ಒಮ್ಮೆ ತಡೆಯಲಾರದೆ ಕೇಳಿದ: "ಏನು ಕಳೆದುಕೊಂಡಿರಿ, ಮಾತಾಜಿ?"

"ಏನೂ ಇಲ್ಲ ಭಯ್ಯಾ. ಎಲ್ಲಿಗೆ ಹೊರಟೆ ಅಂತ ನೀರನ್ನೇ ಕೇಳ್ತಾ ಇದ್ದೇನೆ."

ಅವನು ಅವತ್ತೇ ಗಾಡಿಯನ್ನು ನೀರು ಹೋಗದ ಕಡೆಗೆ ಸರಿಸಿಕೊಂಡ. ಮೊದಲ ಮಳೆಗೆ ಬೀದಿಯ ಕಾರುಗಳೆಲ್ಲ ಮುಳುಗಿದಾಗ ಅವನ ಈರುಳ್ಳಿ ಬೆಚ್ಚಗಿತ್ತು. ಇಡೀ ರಾಜಧಾನಿಯಲ್ಲಿ ಅಕ್ಕನಿಗಿರುವ ಶಿಷ್ಯ ಅವನೊಬ್ಬನೇ.

ನನ್ನ ಮಗನಿಗೆ ಹೆಣ್ಣು ನೋಡಲು ರೋಹಿಣಿ ಬಡಾವಣೆಗೆ ಹೋದೆವು. ಅವರೂ ನಮ್ಮ ಕಡೆಯವರೇ. ಹುಡುಗಿ ಏನು ಓದಿದ್ದಾಳೆ, ಏನು ಕೆಲಸ, ಅದೊಂದೂ ಅಕ್ಕನಿಗೆ ಬೇಡ. "ತಾರಸಿಗೆ ಸುಣ್ಣ ಹೊಡೆಸಿದ್ದೀರಾ?" ಎಂದಳು. ಬಿಳಿ ತಾರಸಿ ಬಿಸಿಲನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದಂತೆ. ಹುಡುಗಿಯ ಅಪ್ಪ ಗಾಬರಿಯಾಗಿ, "ಮದುವೆಯೊಳಗೆ ಹೊಡೆಸ್ತೇವೆ ಅಮ್ಮ" ಎಂದರು.

"ಮದುವೆ ಯಾವಾಗಾದ್ರೂ ಆಗ್ಲಿ. ಮೇ ತಿಂಗಳೊಳಗೆ ಹೊಡೆಸಿ."

ಸಂಬಂಧ ಕೂಡಿಬಂತು. ಸುಣ್ಣ ಮೊದಲು, ಓಲಗ ಆಮೇಲೆ.

ಇಷ್ಟೆಲ್ಲ ನಗುತ್ತ ಹೇಳಿದೆನಲ್ಲ, ನಗಬಾರದ ಕಡೆ ನಕ್ಕದ್ದನ್ನೂ ಹೇಳಬೇಕು.

ನಮ್ಮ ಫ್ಲಾಟುಗಳ ಸೊಸೈಟಿಯ ಮೂಲೆಯಲ್ಲಿ ಎರಡು ಬೇವಿನ ಮರಗಳಿರುವ ತಗ್ಗು ಜಾಗವಿದೆ. ಮರ ಕಡಿದು, ಕಾಂಕ್ರೀಟ್ ಹಾಕಿ, ಕಾರು ನಿಲ್ಲಿಸೋಣ ಎಂದಿತು ಕಮಿಟಿ. ಮಣ್ಣು ಮಣ್ಣಾಗಿಯೇ ಇರಲಿ, ಮಳೆ ನೀರು ಇಂಗಲಿ, ನೆರಳು ಉಳಿಯಲಿ ಎಂದು ಅಕ್ಕ ಪಟ್ಟು ಹಿಡಿದಳು. ಕಳೆದ ಭಾನುವಾರ ಮೀಟಿಂಗ್. ವಾರವಿಡೀ ಕನ್ನಡಿಯ ಮುಂದೆ ಹಿಂದಿ ಭಾಷಣ ಕಲಿತಿದ್ದಳು. ಎದ್ದು ನಿಂತು ಮಾತಾಡುವಾಗ ಹಿಂದಿಯ ನಡುವೆ ಒಂದು ಕನ್ನಡ ಪದ ನುಸುಳಿಬಿಟ್ಟಿತು: "ಹಮೇಂ ನಾಳೆ ಕೀ ಸೋಚ್‌ನೀ ಹೈ."

ನಾವು ನಾಳೆಯ ಯೋಚನೆ ಮಾಡಬೇಕು ಎಂದು ಅವಳ ಅರ್ಥ. ಅಲ್ಲಿದ್ದವರ ಕಿವಿಗೆ ನಮ್ಮ ಳಕಾರ ಎಲ್ಲಿ ಹತ್ತಬೇಕು? ಅವರಿಗೆ ಕೇಳಿಸಿದ್ದು 'ನಾಲೆ'. ಹಿಂದಿಯಲ್ಲಿ ಕೊಳಚೆ ಚರಂಡಿ. ಸೆಕ್ರೆಟರಿ ಕೈಮುಗಿದರು: "ಮೇಡಂ, ನಾಲೆ ಹೋದ ವಾರವಷ್ಟೇ ಸಾಫ್ ಆಗಿದೆ." ಸಭೆ ಬಿದ್ದುಬಿದ್ದು ನಕ್ಕಿತು.

ಅಕ್ಕ ನನ್ನ ಕಡೆ ತಿರುಗಿದಳು. ಅಷ್ಟು ಜನರಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಎದ್ದು, 'ಅವಳು ಹೇಳಿದ್ದು ಚರಂಡಿಯಲ್ಲ, ಕಲ್' ಎಂದು ನಾಳೆಗಿರುವ ಹಿಂದಿ ಪದ ಹೇಳಿದ್ದರೆ ಸಾಕಿತ್ತು. ಆದರೆ ಸುತ್ತಲೂ ಆಫೀಸರುಗಳು, ಪ್ರೊಫೆಸರುಗಳು. ಇವರ ನಡುವೆ ದೋಸೆಯವನು ಬಾಯಿ ತೆರೆಯುವುದೇ? ನಾನೂ ನಕ್ಕೆ. ಅವರಿಗಿಂತ ಜೋರಾಗಿಯೇ ನಕ್ಕೆ. ಕೈಯೆತ್ತಿಸಿ ನೋಡಿದರು, ಕಾಂಕ್ರೀಟ್ ಗೆದ್ದಿತು.

ಮನೆಗೆ ನಡೆಯುವಾಗ ಬಿಸಿಲು ಸುಡುತ್ತಿತ್ತು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಕೊನೆಗೆ ನಾನೇ, "ನಿನಗ್ಯಾಕಕ್ಕ ಈ ಊರಿನ ಉಸಾಬರಿ? ನಮ್ಮ ಕಾಲ ಮುಗೀತಲ್ಲ" ಎಂದೆ.

"ನಿನ್ನನ್ನು ಈ ಊರಿಗೆ ಕರ್ಕೊಂಡು ಬಂದವಳು ನಾನಲ್ವಾ ಮಾರಾಯ" ಎಂದಳು. "ನಾನು ಫ್ಯಾನಿನ ಕೆಳಗೆ ಕೂತೆ. ನಿನ್ನನ್ನು ಶಾಲೆಗೆ ಹಾಕ್ಲಿಲ್ಲ, ದೋಸೆ ಕಾವಲಿ ಮುಂದೆ ನಿಲ್ಲಿಸಿದೆ. ಕೆಲಸ ಬಿಟ್ಟ ಮೇಲಾದ್ರೂ ನೀನು ತಣ್ಣಗೆ ಕೂತ್ಕೊಳ್ಳೋಕೆ ಒಂದು ಜಾಗ ಬೇಡ್ವಾ?"

ಅವಳು ನನ್ನ ತೋಳು ಹಿಡಿದು, ಕಾಂಪೌಂಡು ಗೋಡೆಯ ಗೇಣಗಲದ ನೆರಳಿಗೆ ನನ್ನನ್ನು ಸರಿಸಿ, ತಾನು ಬಿಸಿಲಿನ ಬದಿಯಲ್ಲಿ ನಡೆದಳು.