ವಿಷಾದ ಹೇಳಿದವಳು

ಒಗೆದು ಒಣಗಿಸಿದ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಅವಳು ಒಂದೊಂದಾಗಿ ಮಡಿಸುತ್ತಿದ್ದಳು. ಅಣ್ಣನ ಅಂಗಿ, ಅತ್ತಿಗೆಯ ರವಿಕೆ, ಜೋಡಿ ಕಳೆದುಕೊಂಡ ಕಾಲುಚೀಲ. ತುಟಿ ಪಿಟಕ್ಕೆನ್ನಲಿಲ್ಲ. ಆ ಮನೆಯಲ್ಲಿ ಅದು ನಾಚಿಕೆಯಷ್ಟೇ ಅಲ್ಲ, ಮುಂಜಾಗ್ರತೆ ಕೂಡ. ಅವಳು ಬಾಯಿ ಬಿಟ್ಟು "ತಿಂಡಿ ಆಗಿದೆ" ಅಂದರೆ ಸಾಕು, ಮಲಗಿದ್ದ ಅಣ್ಣ ದಡಬಡಿಸಿ ಎದ್ದು ಚೀಲ ಹುಡುಕುತ್ತಿದ್ದ.

ಅಣ್ಣನದೇನೂ ತಪ್ಪಿಲ್ಲ. ಊರಿನ ಲೋಕಲ್ ರೈಲುಗಳಲ್ಲಿ, ನಿಲ್ದಾಣಗಳಲ್ಲೆಲ್ಲ "ದಯವಿಟ್ಟು ಗಮನಿಸಿ" ಎನ್ನುವ ದನಿ ಅವಳದೇ.

ಕೆಲವು ವರ್ಷಗಳ ಹಿಂದಿನ ಮಾತು. ಮೈಕು ಬಾಡಿಗೆಗೆ ಕೊಡುವ ಸೋದರಮಾವ, ಸಾಮಾನು ಹೊರಲಿಕ್ಕೆಂದು ಅವಳನ್ನು ರೈಲ್ವೆ ಕಚೇರಿಗೆ ಕರೆದೊಯ್ದಿದ್ದ. ಪ್ರಕಟಣೆಗಳ ರೆಕಾರ್ಡಿಗೆ ದನಿ ಕೊಡಬೇಕಾದವಳು ನೆಗಡಿಯೆಂದು ಬರಲಿಲ್ಲ. "ನಮ್ಮ ಹುಡುಗೀನೇ ಹೇಳ್ತಾಳೆ ಬಿಡಿ, ಅದೇನು ಮಹಾ" ಎಂದುಬಿಟ್ಟ ಮಾವ. ಅರ್ಧಕ್ಕೆ ಶಾಲೆ ಬಿಟ್ಟವಳು, ಗಾಬರಿಯಲ್ಲಿ ಒಂದೊಂದೇ ಪದ ತಡವರಿಸಿಕೊಂಡು ಓದಿದಳು: ಅಂಕಿಗಳು, ನಿಲ್ದಾಣಗಳು, "ತಡವಾಗಿ ಬರಲಿದೆ", "ವಿಷಾದಿಸುತ್ತೇವೆ". ಅವಳ ಗಾಬರಿ ಅಧಿಕಾರಿಗಳ ಕಿವಿಗೆ ವಿನಯದಂತೆ ಕೇಳಿಸಿತು. ಒಂದು ಟೀ, ಎರಡು ಬಿಸ್ಕತ್ತು ಕೊಟ್ಟು ಕಳಿಸಿದರು.

ಅಂದಿನಿಂದ ರೈಲು ತಡವಾದಾಗಲೆಲ್ಲ ಅವಳೇ ವಿಷಾದಿಸುತ್ತಿದ್ದಳು. ಜನ ಅವಳನ್ನೇ ಬೈಯುತ್ತಿದ್ದರು. ಪಕ್ಕದಲ್ಲಿ ನಿಂತು ಅವಳೂ ಕೇಳಿಸಿಕೊಳ್ಳುತ್ತಿದ್ದಳು. ಹಾಗಾಗಿ ರೈಲು ಹತ್ತಿದೊಡನೆ ಬಾಯಿಗೆ ಬೀಗ. ದಿನವೂ ಜೊತೆಗೆ ಬರುವವರು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದರು.

ಇವತ್ತು ಮಾತ್ರ ಅವಳು ತಡವಾಗುವಂತಿರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕೀ ಹಾಕೀ ಅವಳ ಬೆರಳ ತುದಿಯೆಲ್ಲ ಜರಡಿಯಾಗಿತ್ತು. ನಿನ್ನೆ ಸಂಜೆ ಅಂಗಡಿಯ ಯಜಮಾನಿ ಟೈಲರಮ್ಮ ಹೇಳಿದ್ದಳು: "ಹೊಸ ಮೆಷಿನ್ ಬಂದಿದೆ. ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ನೀನಿದ್ರೆ ಅದು ನಿಂದು. ಇಲ್ಲಾಂದ್ರೆ ನಮ್ಮ ನಾದಿನಿ ಮಗಳು ಕೂತ್ಕೋತಾಳೆ. ರೈಲು ಗೀಲು ಅಂತ ನನ್ ಹತ್ರ ಕತೆ ಹೇಳ್ಬೇಡ."

ಅದಕ್ಕೇ ದಿನದ ರೈಲು ಬಿಟ್ಟು ಬೆಳಗಿನ ಮೊದಲ ರೈಲನ್ನೇ ಹತ್ತಿದಳು. ತಡವಾಗುವ ಭಯಕ್ಕೆ ದಿನದ ಜೊತೆಯವರಲ್ಲೂ ಕೆಲವರು ಇವತ್ತು ಅದೇ ಗಾಡಿ ಹಿಡಿದಿದ್ದರು. ಅದು ಎರಡು ನಿಲ್ದಾಣ ದಾಟಿ, ಒಂದು ಗೋಡೆಯ ಪಕ್ಕ, ಹಟ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತು.

"ಇವತ್ತೂ ಕೆಟ್ಟಿತಾ?" ಎಂದ ಎದುರಿಗಿದ್ದ ಕಾಂಪೌಂಡರ್.

"ಕೆಡೋದೇನು, ಡ್ರೈವರ್ ಮಲಗಿರ್ತಾನೆ" ಎಂದಳು ಮಡಿಲಲ್ಲಿ ಫ್ಲಾಸ್ಕಿಟ್ಟುಕೊಂಡಿದ್ದ ಹೆಂಗಸು.

"ಡ್ರೈವರ್ ಏನ್ ಮಾಡ್ತಾನಮ್ಮ, ಸಿಗ್ನಲ್ ಕೊಡೋನು ಕೊಡ್ಬೇಕಲ್ಲ" ಎಂದರು ಡ್ರಾಯಿಂಗ್ ಮೇಷ್ಟ್ರು. ಹೀಗೆ ತಪ್ಪೆಂಬುದು ಚೆಂಡಿನಂತೆ ಬೋಗಿಯ ತುಂಬ ಓಡಾಡಿತು. ಹಿಡಿಯುವವರು ಯಾರೂ ಇರಲಿಲ್ಲ.

ಬಿಸಿಲು ಬೀಳುತ್ತಿದೆಯೆಂದು ಕಾಂಪೌಂಡರ್ ಕಿಟಕಿಯ ತಗಡಿನ ಬಾಗಿಲನ್ನು ದಢಾರನೆ ಕೆಳಗೆ ಬಿಟ್ಟ. ಅವಳ ಬೆರಳು ಅದರಡಿ ಸಿಕ್ಕಿತು. ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವದ ಜೊತೆ, ಎಂದೋ ಉರು ಹೊಡೆದ ಮಾತೂ ಬಂತು:

"ದಯವಿಟ್ಟು ಗಮನಿಸಿ. ನನ್ನ ಬೆರಳು ಸಿಕ್ಕಿಕೊಂಡಿದೆ."

ಇಡೀ ಬೋಗಿ ತಲೆಯೆತ್ತಿ ಚಾವಣಿಯ ಸ್ಪೀಕರನ್ನು ನೋಡಿತು. ಆಮೇಲೆ ಒಬ್ಬೊಬ್ಬರ ಕಣ್ಣೂ ನಿಧಾನವಾಗಿ ಕೆಳಗಿಳಿದು ಅವಳ ಮೇಲೆ ನಿಂತಿತು.

"ಅಯ್ಯೋ, ಇವಳೇ ಕಣ್ರೀ!" ಎಂದಳು ಫ್ಲಾಸ್ಕಿನ ಹೆಂಗಸು. "ನಮ್ಮ ಮೌನಗೌರಿ!"

ಬೆರಳು ಬಿಡಿಸುವುದು ಯಾರಿಗೂ ನೆನಪಾಗಲಿಲ್ಲ. ಅವಳೇ ಬಿಡಿಸಿಕೊಂಡಳು.

"ಇಷ್ಟು ವರ್ಷ ನಮ್ ಜೊತೆ ಕೂತ್ಕೊಂಡು, ಏನೂ ಗೊತ್ತಿಲ್ದೋಳ ಹಾಗೆ ಇದ್ಯಲ್ಲಮ್ಮ" ಎಂದ ಕಾಂಪೌಂಡರ್. "ಒಂದನೇ ಪ್ಲಾಟ್‌ಫಾರಂ ಅಂತೀಯ, ಓಡಿ ಹೋದ್ಮೇಲೆ ಮೂರನೇದು ಅಂತೀಯ. ನನ್ ಮಂಡಿ ಚಿಪ್ಪು ಸವೆದುಹೋಗಿದೆ, ಯಾರು ಕೊಡ್ತಾರೆ?"

"ಅದು ನಾನಲ್ಲ ಅಣ್ಣ, ಬರೀ ದನಿ..."

"ದನಿ ಏನು ಬಾಡಿಗೆಗೆ ತಂದಿದ್ದಾ?" ಎಂದರು ಮೇಷ್ಟ್ರು. "ತಪ್ಪು ಮಾಡ್ದೋರು ತಾನೇ ವಿಷಾದ ಹೇಳೋದು? ನಾವ್ಯಾರಾದ್ರೂ ಹೇಳಿದೀವಾ?"

ಪಕ್ಕದ ಬೋಗಿಯಿಂದಲೂ ಜನ ಬಂದು ಇಣುಕತೊಡಗಿದರು. ಫ್ಲಾಸ್ಕಿನ ಹೆಂಗಸಿಗೆ ಮಾತ್ರ ಸ್ವಲ್ಪ ಕನಿಕರ ಬಂತು. "ಹೋಗ್ಲಿ ಬಿಡಿ. ತಾಯಿ, ಗಾಡಿ ಹೊರಡುತ್ತೆ ಅಂತ ಒಂದ್ ಮಾತು ಹೇಳ್ಬಿಡು. ನಿನ್ ಮಾತು ಕೇಳಿದ್ರೂ ಕೇಳ್ಬಹುದು."

ಹೇಳಿದರೆ ಸುಮ್ಮನಾಗುತ್ತಾರೆಂದು ಅವಳು ತಲೆ ತಗ್ಗಿಸಿ ಹೇಳಿದಳು: "ರೈಲು ಇದೀಗ ಹೊರಡಲಿದೆ."

ಗಡಕ್ ಎಂದಿತು. ರೈಲು ಹೊರಟೇಬಿಟ್ಟಿತು.

ಮೇಷ್ಟ್ರು, "ನೋಡಿದ್ರಾ! ಎಲ್ಲ ಇವಳ ಕೈಯಲ್ಲೇ ಇತ್ತು! ನಾವು ಸುಮ್ನೆ ಪಾಪ ಆ ಡ್ರೈವರನ್ನ ಬೈತಿದ್ವಿ" ಎಂದರು.

ಸ್ವಲ್ಪ ದೂರ ಹೋಗಿ ರೈಲು ಮತ್ತೆ ನಿಂತಿತು.

"ಹೇಳು" ಎಂದಿತು ಬೋಗಿ.

ಹೇಳಿದಳು. ಕದಲಲಿಲ್ಲ. ಇನ್ನೊಮ್ಮೆ ಹೇಳಿದಳು, ಊಹೂಂ. "ಬೇಕೂ ಅಂತ ನಿಲ್ಸಿದಾಳೆ" ಎಂದ ಕಾಂಪೌಂಡರ್. "ಬೆರಳು ಸಿಕ್ಕಿದ್ದಕ್ಕೆ ಸಿಟ್ಟು."

ಕೊನೆಗೂ ನಿಲ್ದಾಣ ಬಂದಾಗ ಅಂಗಡಿಯ ಬಾಗಿಲು ತೆಗೆದು ಬಹಳ ಹೊತ್ತಾಗಿತ್ತು. ಅವಳು ಓಡಲು ನೋಡಿದಳು; ಜನ ಬಿಡಲಿಲ್ಲ. ಮದುವೆಯ ಹೆಣ್ಣನ್ನು ಕರೆದೊಯ್ಯುವಂತೆ ಸುತ್ತುವರಿದು ಸ್ಟೇಷನ್ ಮಾಸ್ಟರ ಕೋಣೆಗೆ ನಡೆಸಿದರು.

ಸ್ಟೇಷನ್ ಮಾಸ್ಟರು ಜನರನ್ನು ಕಂಡು ಅಭ್ಯಾಸಬಲದಿಂದ ಮೇಜಿನ ಹಿಂದೆ ಸರಿದರು. ವಿಷಯ ತಿಳಿದದ್ದೇ ಅವರ ಮುಖ ಅರಳಿತು.

"ಸಿಕ್ಕಿದ್ರಾ! ಎಷ್ಟು ವರ್ಷದಿಂದ ಕಾಯ್ತಿದ್ದೆ! ಕೇಳ್ರಪ್ಪ, ಮೇಲಿನೋರನ್ನ ಕೇಳಿದ್ರೆ ಕೆಳಗಿನೋರು ಅಂತಾರೆ, ಕೆಳಗಿನೋರನ್ನ ಕೇಳಿದ್ರೆ ನಾನು ಅಂತಾರೆ. ನನ್ನ ಕೇಳಿದ್ರೆ ನಾನೂ ಸ್ಪೀಕರ್ ಹೇಳಿದ್ದನ್ನೇ ಕೇಳಿಸ್ಕೊಳ್ಳೋನು. ಏನಿದ್ರೂ ಇನ್ನು ಈ ಅಮ್ಮನ ಹತ್ರ ಮಾತಾಡಿ." ಹಾಗೆಂದವರೇ ಟೋಪಿ ಹಾಕಿಕೊಂಡು ಹೊರಟರು.

ಅವಳು ಹಿಂದೆಯೇ ಓಡಿ ಬಾಗಿಲಲ್ಲಿ ತಡೆದಳು. "ಸಾರ್, ರೈಲು ತಡವಾಯ್ತು ಅಂತ ನಮ್ಮ ಅಂಗಡಿ ಅಕ್ಕಂಗೆ ಒಂದು ಮಾತು ಹೇಳ್ತೀರಾ? ನನ್ ಕೆಲಸದ ವಿಷಯ."

"ನಾನು ಹೇಳೋ ಹಾಗಿಲ್ಲಮ್ಮ. ವಿಚಾರಣೆ ನಂಬರಿಗೆ ಫೋನ್ ಮಾಡಿಸು. ಅಲ್ಲಿ ಹೇಳಿದ್ರೆ ಮುಗೀತು, ಅದಕ್ಕೆ ಯಾರೂ ಎರಡು ಮಾತಾಡೋ ಹಾಗಿಲ್ಲ."

ಅವಳಿಗೆ ಹೋದ ಜೀವ ಬಂದಂತಾಯಿತು. ಜನ ಮಾಸ್ಟರ ಬೆನ್ನು ಹತ್ತಿದ ಸಂದಿಯಲ್ಲಿ ನುಸುಳಿ ಓಡಿದಳು.

ಅಂಗಡಿಯಲ್ಲಿ ನಾದಿನಿಯ ಮಗಳು ಹೊಸ ಮೆಷಿನ್ನಿನ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಇನ್ನೂ ಹೊಲಿಗೆ ಶುರುವಾಗಿರಲಿಲ್ಲ.

"ಅಕ್ಕಾ, ರೈಲು ನಿಂತುಬಿಟ್ಟಿತ್ತು. ಸುಳ್ಳಲ್ಲ. ಬೇಕಾದ್ರೆ ವಿಚಾರಣೆಗೆ ಫೋನ್ ಮಾಡಿ ಕೇಳಿ."

ಅವಳು ಇಷ್ಟುದ್ದ ಮಾತಾಡಿದ್ದನ್ನು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಟೈಲರಮ್ಮ ಅವಳನ್ನೇ ನೋಡುತ್ತ, ಕತ್ತರಿ ಕೆಳಗಿಟ್ಟು, ನಂಬರ್ ಒತ್ತಿ, ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದಳು.

"ದಯವಿಟ್ಟು ಗಮನಿಸಿ" ಎಂದಿತು ಫೋನು, ಬಲು ವಿನಯದಿಂದ. "ಬೆಳಗಿನ ಮೊದಲ ಲೋಕಲ್ ರೈಲು ನಿಗದಿತ ಸಮಯಕ್ಕೆ ಸರಿಯಾಗಿ ನಿಲ್ದಾಣ ತಲುಪಿದೆ."

ಹೆಂಗಸರೆಲ್ಲ ಫೋನನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಫೋನನ್ನು ನೋಡಿದರು.

"ಇದು ನಿನ್ ದನಿ ಅಲ್ವೇನೇ?" ಎಂದಳು ಟೈಲರಮ್ಮ.

"ಹೌದಕ್ಕಾ."

"ಸರಿಯಾಗಿ ಬಂತು ಅಂತ ಅಲ್ಲಿ ಹೇಳ್ತೀಯ, ತಡವಾಯ್ತು ಅಂತ ನನ್ ಹತ್ರ ಹೇಳ್ತೀಯ. ಎಲ್ಲಿ ಹೇಳಿದ್ದು ಸುಳ್ಳು?"

ನಾದಿನಿಯ ಮಗಳು ಪೆಡಲ್ ತುಳಿದಳು. ಮೆಷಿನ್ನು ಟಕಟಕನೆ ಓಡತೊಡಗಿತು.

ಅವಳು ಮೇಜಿನ ಮೇಲಿನ ಫೋನಿನ ಹತ್ತಿರ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಕೇಳಿಕೊಂಡಳು:

"ಇನ್ನೊಂದ್ಸಲ ನೋಡಿ ಹೇಳು ತಾಯಿ."