ಮೇಡಂ ಮನೆ ಸೀಲಿಂಗೂ ನನ್ನ ಪತ್ತೇದಾರಿಯೂ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರು ಸ್ನಾನ ಮಾಡಿದರೆ ಕೆಳಗಿನ ಮನೆಯವರು ತಲೆ ಒರೆಸಿಕೊಳ್ಳುವುದು ಹೊಸದೇನಲ್ಲ. ನಾವು ಕೆಂಗೇರಿ ಉಪನಗರಕ್ಕೆ ಬಂದಾಗಿನಿಂದ ಇಂಥ ಕೇಸುಗಳು ಆಗುತ್ತಲೇ ಇವೆ. ಅಸೋಸಿಯೇಷನ್ನಿನ ಅಧ್ಯಕ್ಷ ನಾನೇ. ಹೊಗಳಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆದರೆ ಸೋರಿಕೆ ಕಂಡುಹಿಡಿಯುವುದರಲ್ಲಿ ಮೈಸೂರು ರಸ್ತೆಯ ಈ ಬದಿಯಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ. ಆ ಬದಿಯಲ್ಲಿ ಇದ್ದಾನೋ ಏನೋ, ಆ ಟ್ರಾಫಿಕ್ಕಿನಲ್ಲಿ ದಾಟಿ ನೋಡಿ ಬಂದವರು ಯಾರೂ ಇಲ್ಲ.

ಈ ಸಲದ ಕೇಸು ಮೊದಲನೇ ಮಹಡಿಯ ಮೇಡಂದು. ರಿಟೈರಾದ ಹೆಡ್‌ಮಿಸ್ಟ್ರೆಸ್. ಅವರ ಹಾಲ್‌ನ ಸೀಲಿಂಗಿನ ಮೂಲೆಯಲ್ಲಿ ತಟ್ಟೆಯಷ್ಟಿದ್ದ ಕಲೆ ಹತ್ತೇ ದಿನದಲ್ಲಿ ಜಮಖಾನದಷ್ಟಾಗಿ, ಟಪ್ ಟಪ್ ಅಂತ ಹನಿಯೋಕೆ ಶುರುವಾಯಿತು. ಬರುವ ಭಾನುವಾರ ಅದೇ ಹಾಲ್‌ನಲ್ಲಿ ಅವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಮಹಾಲಕ್ಷ್ಮಿ ಲೇಔಟಿನಿಂದ ಬರುವವರಿದ್ದರು.

"ಬೀಗರ ತಲೆ ಮೇಲೆ ನೀರು ತೊಟ್ಟಿಕ್ಕಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಅಂದರು ಮೇಡಂ.

"ನಾನಿದೀನಲ್ಲ ಮೇಡಂ" ಅಂದೆ.

ಅವರ ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ.

೧. ಗೋಡೆಗೆ ಕಿವಿ

ನನ್ನ ವಿಧಾನ ಸರಳ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತೇನೆ, ಕಿವಿ ಇಡುತ್ತೇನೆ. ಒಳಗೆ ನೀರು ಎಷ್ಟು ದಪ್ಪ ಹರಿಯುತ್ತಿದೆ, ಕಾವೇರಿಯೋ ಬೋರ್‌ವೆಲ್ಲೋ ಎಲ್ಲ ಹೇಳಿಬಿಡುತ್ತೇನೆ. ಮೇಡಂ ಹಾಲ್‌ನ ಗೋಡೆಗೆ ಎರಡು ನಿಮಿಷ ಕಿವಿಯಿಟ್ಟು, ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, "ಇಲ್ಲೇ ಹೊಡಿ" ಅಂದೆ ಜೊತೆಗೆ ಕರೆತಂದಿದ್ದ ಪ್ಲಂಬರ್‌ಗೆ.

"ಸಾರ್, ಈ ಗೋಡೆಯಲ್ಲಿ ಪೈಪೇ ಇಲ್ಲ."

"ಸೊರಸೊರ ಅಂತಿದೆ. ನನಗೆ ಕೇಳ್ತಾ ಇದೆ. ನೀನು ಹೊಡಿ."

ಹೊಡೆದ. ಹೊಡೆಯುತ್ತಲೇ ಹೋದ. ನೀರು ಬರಲಿಲ್ಲ, ಒಗ್ಗರಣೆ ವಾಸನೆ ಬಂತು. ತೂತಿನಾಚೆ ಪಕ್ಕದ ಫ್ಲ್ಯಾಟಿನ ಅಡುಗೆಮನೆ. ಸೌಟು ಹಿಡಿದ ಆಂಟಿ ಬಗ್ಗಿ ಈ ಕಡೆ ನೋಡಿದರು.

"ಏನ್ ಅಂಕಲ್, ನಮ್ಮನೆ ಕಾಲಿಂಗ್ ಬೆಲ್ ಕೆಲಸ ಮಾಡ್ತಿಲ್ವಾ?"

೨. ನೀರು ಯಾರದು

ಆ ತೂತು ಮುಚ್ಚಿಸಿ, ಮೇಡಂರನ್ನು ಕರೆದುಕೊಂಡು ಅವರ ತಲೆಯ ಮೇಲಿನ ಎರಡನೇ ಮಹಡಿಗೆ ಹೋದೆ. ಅಲ್ಲಿರುವವರು ವಿಜಯಪುರದವರು. ವಿಷಯ ಕೇಳಿ ಎದೆ ಮುಟ್ಟಿಕೊಂಡರು.

"ಏನ್ರೀ ಸರ, ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳಾ ಬರತಿತ್ತು. ಒಂದು ಹನಿ ಚೆಲ್ಲಿದ್ರ ನಮ್ಮವ್ವ ದಿನಪೂರ್ತಿ ಬೈತಿದ್ಲು. ಅಂಥಾ ಮನ್ಯಾಗ ಬೆಳದಾಂವ ನಾನು ನೀರ ಸೋರಾಕ ಬಿಡ್ತೀನೇನ್ರಿ?"

"ಹಾಗಾದ್ರೆ ನನ್ನ ಸೀಲಿಂಗಿಂದ ಬೀಳ್ತಿರೋದು ಏನು?" ಮೇಡಂ ಕೇಳಿದರು.

"ನೋಡ್ರಿ ಮೇಡಂ, ಟೈಲ್ಸ್ ನಂದು. ಟೈಲ್ಸ್ ಮ್ಯಾಲಿನ ನೀರು ನಂದು. ಟೈಲ್ಸ್ ದಾಟಿ ಕೆಳಗ ಬಂದಿದ್ದೇ ಹೌದಾದ್ರ, ಅದು ನಿಮ್ಮ ಮನಿಗೆ ಬಂದ ನೀರು. ನಿಮ್ಮದ ಆತು."

ಅಧ್ಯಕ್ಷನಾಗಿ ನಾನು ಬಾಯಿ ಹಾಕಲೇಬೇಕಾಯಿತು. "ಮೇಲಿನ ಟೈಲ್ಸ್ ಇವರದು, ಕೆಳಗಿನ ಪೇಂಟ್ ನಿಮ್ಮದು, ನಡುವಿನ ಕಾಂಕ್ರೀಟು ಬಿಲ್ಡರ್‌ದು. ಆತ ಫೋನ್ ಎತ್ತೋದಿಲ್ಲ. ಆದ್ದರಿಂದ ನೀರು ಸದ್ಯಕ್ಕೆ ಯಾರದೂ ಅಲ್ಲ."

ಮೇಡಂ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ನಮ್ಮ ಸ್ಕೂಲಲ್ಲಿ ಇಂಥ ಉತ್ತರ ಬರೆದವರನ್ನ ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ತಿದ್ವಿ."

೩. ಬಣ್ಣದ ಪರೀಕ್ಷೆ

ಕೊನೆಗೆ ದಾರಿ ತೋರಿಸಿದ್ದು ಪ್ಲಂಬರ್. "ಡೌಟಿರೋ ಒಂದೊಂದು ಬಾತ್‌ರೂಮಿಗೂ ಒಂದೊಂದು ಬಣ್ಣ ಸುರಿಯೋಣ ಸಾರ್. ಕೆಳಗೆ ಯಾವ ಬಣ್ಣ ಇಳಿಯುತ್ತೋ ಆ ಮನೆಯವರೇ ಕಾರಣ."

ಇದನ್ನು ನಾನೇ ಹೇಳಬೇಕೆಂದಿದ್ದೆ, ಅವನು ಮೊದಲು ಹೇಳಿಬಿಟ್ಟ. ಎರಡನೇ ಮಹಡಿಯ ಬಾತ್‌ರೂಮಿಗೆ ಬಟ್ಟೆಗೆ ಹಾಕುವ ನೀಲಿ ಸುರಿದೆವು.

"ನಿಮ್ಮದಕ್ಕೂ ಹಾಕ್ಬೇಕು ಸಾರ್. ಮೂರನೇ ಮಹಡಿಯಿಂದ ಪೈಪು ಅದೇ ಸಾಲಲ್ಲಿ ಇಳಿಯೋದು."

ಮೂರನೇ ಮಹಡಿಯಲ್ಲಿರುವುದು ನಾನು. ನನಗೆ ನಗು ಬಂತು. ಆದರೂ ನ್ಯಾಯ ಅಂದರೆ ನ್ಯಾಯ. ನೀಲಿ ಮುಗಿದಿತ್ತು, ನಮ್ಮ ಅಡುಗೆಮನೆಯ ಅರಿಶಿನದ ಡಬ್ಬಿಯನ್ನೇ ಒಂದು ಬಕೆಟ್ ನೀರಿಗೆ ಕದಡಿ ಸುರಿದೆ. ಸುರಿದ ಮೇಲೆ ಎಲ್ಲರೆದುರು ಘೋಷಿಸಿದೆ: "ಯಾರ ಬಣ್ಣ ಇಳಿಯುತ್ತೋ ಅವರೇ ರಿಪೇರಿ ಮಾಡಿಸ್ಬೇಕು. ಭಾನುವಾರದೊಳಗೆ ಮುಗೀಲಿಲ್ಲ ಅಂದ್ರೆ ನಿಶ್ಚಿತಾರ್ಥ ಅವರ ಮನೆ ಹಾಲ್‌ನಲ್ಲೇ. ತಿಂಡಿ, ಕಾಫಿ ಸಮೇತ!"

"ಬರದು ಕೊಡ್ರಿ" ಅಂದರು ವಿಜಯಪುರದವರು.

ಪಾಪ, ತಮ್ಮ ತಲೆಗೆ ತಾವೇ ತಂದುಕೊಳ್ಳುತ್ತಿದ್ದಾರಲ್ಲ ಅಂತ ಮರುಗುತ್ತಲೇ ಬರೆದೆ, ಸಹಿ ಹಾಕಿದೆ, ಅಸೋಸಿಯೇಷನ್ ಸೀಲೂ ಒತ್ತಿದೆ.

ಸಂಜೆ ನಮ್ಮವಳು ಬಾತ್‌ರೂಮಿನ ಬಾಗಿಲು ತೆಗೆದು ಕೂಗಿದಳು: "ಏನ್ರೀ, ಬಾತ್‌ರೂಮಿಗೆ ಅರಿಶಿನ ಶಾಸ್ತ್ರ ಮಾಡಿದೀರಾ? ಮುಹೂರ್ತ ಯಾವತ್ತು?"

೪. ಇಳಿದ ಬಣ್ಣ

ಮಾರನೆಯ ದಿನ ಮೇಡಂ ಹಾಲ್‌ನಲ್ಲಿ ಎಲ್ಲರೂ ಸೇರಿದೆವು. ಹನಿ ಬೀಳುವ ಜಾಗದಲ್ಲಿ ಬಿಳಿ ಬೇಸಿನ್ ಇಟ್ಟಿದ್ದರು. ಬಗ್ಗಿ ನೋಡಿದೆ. ನೀಲಿ ಇಲ್ಲ. ಹಳದಿಯೂ ಇಲ್ಲ. ಕೆಂಪು!

ಒಂದು ಕ್ಷಣವೂ ತಡಮಾಡದೆ ತೀರ್ಪು ಕೊಟ್ಟೆ. "ಕೆಂಪು ಸುರಿದವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಎರಡೂ ಮನೆ ನಿರ್ದೋಷಿ. ಇದು ಕಟ್ಟುವಾಗಲೇ ಸೇರಿಕೊಂಡ ನೀರು. ಮೇಡಂ, ಶಾಮಿಯಾನದ ಬಟ್ಟೆ ಕಟ್ಟಿ ಮುಚ್ಚಿಬಿಡೋಣ."

ಅಷ್ಟರಲ್ಲಿ ನಮ್ಮವಳು ಬಂದಳು. ಬೇಸಿನ್ ನೋಡಿ, "ಅಯ್ಯೋ ಮೇಡಂ, ಬೀಗರು ಬರೋದು ಭಾನುವಾರ ಅಲ್ವಾ? ಆರತಿ ನೀರು ಇವತ್ತೇ ಕಲಸಿಟ್ಟಿದೀರಲ್ಲ!" ಅಂದಳು.

ಮೇಡಂ ಮುಖ ಬದಲಾಯಿತು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು ಎದ್ದು ನಿಂತಿತು.

"ಅರಿಶಿನಕ್ಕೆ ಸುಣ್ಣ ಸೇರಿದ್ರೆ ಏನಾಗುತ್ತೆ?"

ನಾನು ಸೀಲಿಂಗ್ ನೋಡಿದೆ. ವಿಜಯಪುರದವರು ಕೈ ಎತ್ತಿದರು. "ಕೆಂಪ ಆಗತೈತ್ರಿ ಮೇಡಂ!"

"ಸಿಮೆಂಟಿನೊಳಗೆ ಏನಿರುತ್ತೆ?"

"ಸುಣ್ಣ ಇರತೈತ್ರಿ!"

"ಅರಿಶಿನ ಸುರಿದವರು ಯಾರು?"

ಈ ಸಲ ನಮ್ಮವಳೂ ಕೈ ಎತ್ತಿದಳು.

೫. ಭಾನುವಾರ

ಪ್ಲಂಬರ್ ನಮ್ಮ ಬಾತ್‌ರೂಮ್ ಅಗೆದ. ಒಡೆದ ಪೈಪು ಸಿಕ್ಕಿತು. ಅದರ ನೀರು ಎರಡನೇ ಮಹಡಿಯ ಗೋಡೆಯೊಳಗೇ ಇಳಿದು, ಅವರಿಗೆ ಗೊತ್ತೇ ಆಗದಂತೆ, ನೇರ ಮೇಡಂ ಸೀಲಿಂಗಿಗೆ ಸೇರುತ್ತಿತ್ತಂತೆ. "ಸರಿ ಮಾಡೋಕೆ ಒಂದು ವಾರ ಬೇಕು ಸಾರ್" ಅಂದ. ಅಷ್ಟೂ ದಿನ ನಾವು ಸ್ನಾನಕ್ಕೆ ಹೋಗಿದ್ದು ಎರಡನೇ ಮಹಡಿಗೆ. ಹೋದಾಗಲೆಲ್ಲ ವಿಜಯಪುರದವರು ಬಾಗಿಲಾಚೆಯಿಂದ, "ಸಾವಕಾಶ ಹಾಕ್ಕೊಳ್ರಿ ಸರ, ಟೈಲ್ಸ್ ದಾಟೀತು!" ಅನ್ನುತ್ತಿದ್ದರು.

ಭಾನುವಾರ ನಿಶ್ಚಿತಾರ್ಥ ನಮ್ಮ ಹಾಲ್‌ನಲ್ಲೇ ನಡೆಯಿತು. ನಮ್ಮ ಸೋಫಾ ಹೊರಗೆ, ಬೀಗರು ಒಳಗೆ. ಮೇಡಂ ಸಮಾಧಾನದಿಂದ ಓಡಾಡುತ್ತಿದ್ದರು. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೇಸರಿಬಾತ್ ಬಡಿಸುತ್ತಿದ್ದೆ. ಗಂಡಿನ ತಂದೆ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಈ ಕಾಲದಲ್ಲಿ ಪಕ್ಕದವರ ಮಗಳಿಗೆ ಯಾರ್ ಸಾರ್ ಮನೆ ಬಿಟ್ಟುಕೊಡ್ತಾರೆ? ಎಂಥ ಮನಸ್ಸು ನಿಮ್ಮದು!"

ನಾನು ತಲೆ ತಗ್ಗಿಸಿ, "ಛೇ ಛೇ, ಅದೆಲ್ಲ ನನ್ನ ಸ್ವಭಾವ ಸಾರ್" ಅಂದೆ.

ಹಿಂದಿನಿಂದ ವಿಜಯಪುರದವರು ತಟ್ಟೆ ಮುಂದೆ ಚಾಚಿ ಹೇಳಿದರು:

"ಖರೇ ಐತ್ರಿ ಬೀಗರ. ಇವರ ಮನಸು ಅಂದ್ರ ಭಾಳ ದೊಡ್ಡದು. ಎರಡು ಮಹಡಿ ಕೆಳಗ ತನಕ ಸೋರತೈತಿ!"