ಗುಂಡಿಯೊಂದಕ್ಕೆ ನಲವತ್ತರ ನಷ್ಟವನ್ನು ಮುಂದುವರಿಸಲು ಕೋರಿಕೆ

ಮನೆ ಬಾಗಿಲಿಗೇ ಬಂದು ಅಂಗಿಯ ಗುಂಡಿ ಹೊಲಿದುಕೊಡುವ ಕಂಪನಿಯ ಸ್ಥಾಪಕರಾದ ಮಾನ್ಯರೇ, ತಮಗೂ ತಮ್ಮ ಹೂಡಿಕೆದಾರರಿಗೂ ಮೂಲೆ ಅಂಗಡಿಯ ದರ್ಜಿಯ ನಮಸ್ಕಾರಗಳು. ಅವರ ಜೇಬುಗಳು ಎಂದೂ ಹರಿಯದಿರಲಿ. ಹರಿದರೆ ಹೊಲಿಯಲು ನಾನಿದ್ದೇನೆ.

ಗಿರಾಕಿಯಿಂದ ಗುಂಡಿಗೆ ಇಪ್ಪತ್ತು ರೂಪಾಯಿ ಪಡೆದು, ಹೊಲಿದವನಿಗೆ ಅರವತ್ತು ಕೊಡುವ ತಮ್ಮ ಔದಾರ್ಯ ಕಂಡು ಮೊದಲು ಎಲ್ಲೋ ಲೆಕ್ಕ ತಪ್ಪಿರಬೇಕೆಂದುಕೊಂಡೆ. ಆದರೆ ತಮ್ಮ ಆ್ಯಪಿಗೆ ಸೇರಿದ ನಮ್ಮಂಥ ಹೊಲಿಗೆಯವರ ಸಭೆಯಲ್ಲಿ ತಾವು, ಆರ್ಡರು ಹತ್ತು ಪಟ್ಟಾದರೆ ಎಲ್ಲ ಸರಿಹೋಗುತ್ತದೆಂದು ಬಿಳಿ ಹಲಗೆಯ ಮೇಲೆ ಆಕಾಶಕ್ಕೇರುವ ಗೆರೆಯೊಂದನ್ನು ಎಳೆದು ತೋರಿಸಿದಿರಿ. ಒಂದರಲ್ಲಿ ನಲವತ್ತು ಹೋದರೆ ಹತ್ತರಲ್ಲಿ ನಾನೂರು ಹೋಗುತ್ತದೆ ಎನ್ನಲು ಬಾಯಿ ತೆರೆದವನು, ಬಡಿಸುವವರ ಕೈ ಹಿಡಿಯುವುದು ಉಣ್ಣುವವನಿಗೆ ಭೂಷಣವಲ್ಲವೆಂದು ಚಪ್ಪಾಳೆ ತಟ್ಟಿದೆ.

ಆಮೇಲೆ ತಮ್ಮ ಬೆಳವಣಿಗೆಗೆ ಹೆಗಲು ಕೊಟ್ಟೆ. ನನ್ನ ಅಂಗಡಿಗೆ ಬಂದ ಅಂಗಿಗಳ ಗುಂಡಿ ಕೆಲಸವನ್ನೆಲ್ಲ ಗಿರಾಕಿಯಾಗಿ ತಮ್ಮ ಆ್ಯಪಿನಲ್ಲಿ ಬುಕ್ ಮಾಡಿ, ಹೊಲಿಗೆಯವನಾಗಿ ನಾನೇ ಒಪ್ಪಿಕೊಂಡು, ಕುರ್ಚಿಯಿಂದ ಏಳದೆ ನನ್ನ ಬಾಗಿಲಿಗೆ ನಾನೇ ಬಂದು ಹೊಲಿದು, ಸಮಯಪಾಲನೆಗಾಗಿ ನನಗೆ ನಾನೇ ಐದು ನಕ್ಷತ್ರ ಕೊಟ್ಟುಕೊಂಡೆ. ತಿಂಗಳ ಉತ್ತಮ ಗಿರಾಕಿ, ತಿಂಗಳ ಉತ್ತಮ ಹೊಲಿಗೆಗಾರ ಎಂಬ ಎರಡೂ ಪ್ರಶಸ್ತಿಪತ್ರಗಳನ್ನು ತಾವು ಒಂದೇ ಲಕೋಟೆಯಲ್ಲಿ ಕಳಿಸಿದಿರಿ.

ಆ ವರಮಾನದಿಂದ ಎರಡನೆಯ ಯಂತ್ರ ತಂದು, ಗಾರ್ಮೆಂಟ್ಸ್ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡಿದ್ದ ಅಕ್ಕನನ್ನು ಅದರ ಮುಂದೆ ಕೂರಿಸಿದೆ. ಇನ್ನೇನು ಎಲ್ಲ ಸುಸೂತ್ರ ಎನ್ನುವಾಗ ತಾವು ಲೆಕ್ಕದ ಮೇಡಂ ಒಬ್ಬರನ್ನು ನೇಮಿಸಿಕೊಂಡಿರಂತೆ. ಅವರು ಮೊದಲ ದಿನವೇ, “ಒಂದು ಗುಂಡಿ ಹೊಲಿದ್ರೆ ನಮಗೆ ಎಷ್ಟು ಉಳಿಯುತ್ತೆ?” ಎಂದು ಕೇಳಿದಾಗ ತಾವು ಬಿಳಿ ಹಲಗೆಯ ಗೆರೆಯನ್ನೇ ಮತ್ತೆ ತೋರಿಸಿದಿರಂತೆ. ಬರುವ ತಿಂಗಳಿಂದ ದರ ಬದಲಾಗಿ ನಮ್ಮ ಕೂಲಿ ಇಳಿಯುತ್ತದೆಂದು ಸಂದೇಶವೂ ಬಂದಿದೆ. ನನ್ನ ದೂರು ಇದೇ. ಮೂವತ್ತು ವರ್ಷ ದುಡಿದ ಅಕ್ಕನಿಗೆ ಮನೆಗೆ ಹೋಗು ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಆದ್ದರಿಂದ ಕೂಡುವ ಕಳೆಯುವ ವಿದ್ಯೆಯನ್ನು ಇನ್ನೊಂದು ವರ್ಷ ಮುಂದೂಡಿ, ಮೇಡಂ ಅವರಿಗೆ ದೀರ್ಘ ರಜೆ ದಯಪಾಲಿಸಿ, ಸಾಧ್ಯವಾದರೆ ನಮ್ಮ ಕೂಲಿಯನ್ನು ಎಪ್ಪತ್ತಕ್ಕೇರಿಸಿ ನಷ್ಟವನ್ನು ಇನ್ನಷ್ಟು ಬೆಳೆಸಬೇಕೆಂದು ಕೋರುತ್ತೇನೆ.

ನಷ್ಟ ತಮ್ಮದಾಗಿರುವವರೆಗೂ ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ಕೊನೆಯ ಮಾತು: ಪತ್ರ ಅಂಚೆಗೆ ಹಾಕುವಷ್ಟರಲ್ಲಿ, ಗಿರಾಕಿಯೂ ಹೊಲಿಗೆಯವನೂ ಒಂದೇ ವಿಳಾಸದವರೆಂದು ಪತ್ತೆಹಚ್ಚಿದ ಮೇಡಂ ಅಂಗಡಿಗೇ ಬಂದರು. ನಾನು ಪ್ರಶಸ್ತಿಪತ್ರಗಳೆರಡನ್ನೂ ಗೋಡೆಯಿಂದ ಇಳಿಸತೊಡಗಿದೆ. ಅಕ್ಕ ಮಾತ್ರ ದಾರ, ಸಮಯ, ಓಡಾಟ ಎಲ್ಲ ಸೇರಿಸಿ ಗುಂಡಿಯೊಂದಕ್ಕೆ ತಗಲುವ ಖರ್ಚನ್ನು ಬೆರಳೆಣಿಸಿ ಹೇಳಿದಳು. ಸೋಮವಾರದಿಂದ ತಮ್ಮ ಕಂಪನಿಯ ದರ ನಿಗದಿ ಮಾಡುವವಳು ಅವಳೇ. ಅವಳ ಸಂಬಳವನ್ನು ಮೇಡಂ ಗೊತ್ತುಮಾಡಿದ್ದಾರೆ. ತಮ್ಮ ಕೈಗೆ ಬಿಟ್ಟಿದ್ದರೆ ಇದರ ಮೂರರಷ್ಟು ಸಿಗುತ್ತಿತ್ತಲ್ಲ ಎಂಬುದೊಂದೇ ಅಕ್ಕನ ಬೇಸರ.